ಸರಲಷ್ಕರರ ಕೋಟೆ

ಏಳನೇ ಇಯತ್ತೆಯ ಹುಡುಗನೊಬ್ಬ ಟಿ.ವಿ.ಯಲ್ಲಿ ನೋಡಿದ ಆಕಾಶಯುದ್ಧದ ಸಿನಿಮಾದ ಕಥೆ ಹೇಳುತ್ತ, “ಅಕ್ಕೋರ, ದಂಡೆಲ್ಲಾ ಸೇನಾಪತಿ ಕೈಯಾಗೇ ಐತಿ. ಹಂಗಾರ ರಾಜ ಯಾಕ ಬೇಕ್ರಿ?” ಎಂದು ಕೇಳಿದ. ನಕ್ಷತ್ರಗಳ ರಾಜ್ಯವನ್ನು ನಾನು ಕಂಡವಳಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ನಮ್ಮ ಅಕ್ಕೋಳದಿಂದ ಬಸ್ಸು ಹತ್ತಿದರೆ ನಿಪ್ಪಾಣಿಯಲ್ಲೇ ಸಿಗುತ್ತದೆ.

ಈಗ ತಂಬಾಕಿನ ಊರೆಂದು ಹೆಸರಾದ ನಿಪ್ಪಾಣಿ ಇನ್ನೂರು ವರ್ಷಗಳ ಹಿಂದೆ ಅಪ್ಪಾ ದೇಸಾಯಿ ಎಂದು ಜನ ಕರೆಯುತ್ತಿದ್ದ ಸಿದ್ಧೋಜಿರಾವ್ ನಿಂಬಾಳಕರರ ಊರು. ಎರಡನೇ ಬಾಜೀರಾಯನ ಕಾಲದಲ್ಲಿ ಅವರಿಗೆ ‘ಸರಲಷ್ಕರ’ ಎಂಬ ಪದವಿ ಬಂತು. ಕುದುರೆ ದಂಡು ಸಾಕಲೆಂದು ಪೇಶ್ವೆ ಜಮೀನು ಬಿಟ್ಟುಕೊಡುವುದಕ್ಕೆ ಸರಂಜಾಮು ಎನ್ನುತ್ತಿದ್ದರು. ಜಮೀನು ಪುಣೆಯದು, ದಂಡು ನಿಪ್ಪಾಣಿಯದು. ಕರೆ ಬಂದಾಗ ಹೋಗಬೇಕು. ಹೋಗದಿದ್ದರೆ ಪೇಶ್ವೆ ಏನು ಮಾಡಿಯಾನು? ಇನ್ನೊಬ್ಬ ಸರದಾರನನ್ನು ಛೂ ಬಿಟ್ಟಾನು, ಅಷ್ಟೇ. ಅವನಿಗೂ ಸ್ವಂತ ಬಲ ಕಡಿಮೆ.

ಈ ಸೀಮೆ ಆಗ ನೆಮ್ಮದಿ ಕಂಡಿರಲಿಲ್ಲ. 1799ರಲ್ಲಿ ಇಲ್ಲೇ ಪಟ್ಟಣಕುಡಿಯ ಬಯಲಿನಲ್ಲಿ ಕೊಲ್ಲಾಪುರದ ದಂಡಿನೆದುರು ಪರಶುರಾಮಭಾವು ಪಟವರ್ಧನರು ಬಿದ್ದರು. 1803ರಲ್ಲಿ ಬಾಜೀರಾಯನನ್ನು ಮತ್ತೆ ಗಾದಿಗೆ ಕೂಡ್ರಿಸಲು ವೆಲ್ಲೆಸ್ಲಿ ಪುಣೆಗೆ ಹೊರಟಾಗ ಅಪ್ಪಾ ದೇಸಾಯಿಯೂ ಜೊತೆಗೆ ನಡೆದರು. ಮುಂದೆ ಚಿಕ್ಕೋಡಿ, ಮನೋಳಿ ಸೀಮೆಗಳನ್ನು ಕೊಲ್ಲಾಪುರದವರಿಂದ ಕಸಿದುಕೊಂಡರು. ರೈತ ಯಾರಿಗೆ ಕಂದಾಯ ಕಟ್ಟಬೇಕು? ಈ ವರ್ಷ ಇವರಿಗೆ, ಬರುವ ವರ್ಷ ಅವರಿಗೆ!

1818ರಲ್ಲಿ ಪೇಶ್ವಾಯಿ ಮುಳುಗಿತು. ದೇಸಾಯರ ಜಹಗೀರು ಉಳಿಯಿತು. ಚಿಕ್ಕೋಡಿ, ಮನೋಳಿ ಮಾತ್ರ ಇಂಗ್ಲಿಷರ ಪಕ್ಷ ಹಿಡಿದಿದ್ದ ಕೊಲ್ಲಾಪುರಕ್ಕೆ ಹೋದವು. ಕಾದಾಟವೇ ನಿಂತ ಮೇಲೆ ಸರಲಷ್ಕರರಿಗೆ ಕೆಲಸವೇನು? ಇನ್ನು ಕಾಯಬೇಕಾದದ್ದು ಕೋಟೆಯನ್ನಲ್ಲ, ತೊಟ್ಟಿಲನ್ನು. ದತ್ತಕ ಒಪ್ಪದ ಕಂಪನಿ 1824ರಲ್ಲಿ ಕಿತ್ತೂರಿನಲ್ಲಿ ಏನು ಮಾಡಿತೆಂದು ಎಲ್ಲರೂ ಕಂಡಿದ್ದರು. ಚೆನ್ನಮ್ಮ ರಾಣಿ ಕತ್ತಿ ಹಿಡಿದರು. ನಿಪ್ಪಾಣಿಯ ವಾಡೆಯಲ್ಲಿ ಬೇರೆ ಕೂಸನ್ನು ದೇಸಾಯರ ಮಗನೆಂದು ತೋರಿಸುವ ಯತ್ನ ನಡೆಯಿತು, ಅದು ಬಯಲಾಯಿತು.

ಇದನ್ನು ಹೇಳುವಾಗ ಹುಡುಗರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಾವು ಮೂವರೂ ಹೆಣ್ಣುಮಕ್ಕಳು. “ಮನೆತನ ಮುಳುಗತೈತಿ, ನಮ್ಮ ಹುಡುಗನ್ನ ದತ್ತಕ ತಗೋ” ಎಂದು ಬಂಧುಗಳು ಅಪ್ಪನ ಬೆನ್ನು ಹತ್ತಿದ್ದರು. ಅವರ ಕಣ್ಣಿದ್ದದ್ದು ನಾಲ್ಕು ಎಕರೆ ಹೊಲದ ಮೇಲೆ. ಅಪ್ಪ ಒಪ್ಪಲಿಲ್ಲ; ನನ್ನನ್ನು ಬಿ.ಎ. ಓದಲು ಕಳಿಸಿದರು. ಅವ್ವ ಮಾತ್ರ ಕೇಳಬಾರದ ಮಾತು ಕೇಳಿದಳು. ವಾಡೆಯ ಹೆಂಗಸರೂ ಎಷ್ಟು ಕೇಳಿದ್ದರೋ!

1839ರಲ್ಲಿ ದೇಸಾಯರು ತೀರಿಕೊಂಡರು, ಜಹಗೀರು ಕಂಪನಿಗೆ ಸೇರಿತು. 1841ರಲ್ಲಿ ಅರಬ ಸಿಪಾಯಿಗಳು ಕೋಟೆ ಹಿಡಿದು ಕುಳಿತರು. ರಾಜ್ಯ ಹೋದ ಮೇಲೂ ದಂಡು ಉಳಿದಿತ್ತು, ಸಂಬಳ ಕೊಡುವವರು ಇರಲಿಲ್ಲ. ಇಂಗ್ಲಿಷರ ಸೈನ್ಯ ಬಂದು ಕೋಟೆಯನ್ನು ಬಿಡಿಸಿಕೊಂಡಿತು.

“ಅಂದ್ರ ರಾಜನೂ ಹೋದ, ಸೇನಾಪತಿನೂ ಹೋದ” ಎಂದ ಹುಡುಗ. ಮರುವಾರ ಎಲ್ಲರನ್ನೂ ನಿಪ್ಪಾಣಿಗೆ ಕರೆದುಕೊಂಡು ಹೋದೆ.