ಕೋರ್ಟಿನ ಬಾತ್ಮಿ

ನಮ್ಮಪ್ಪ ಗದಗಿನ ಬಾತ್ಮೀದಾರರಾಗಿದ್ದರು. ಈಗಿನವರು ವರದಿಗಾರ ಎನ್ನುತ್ತಾರೆ. ಸುದ್ದಿಗೆ ನಮ್ಮ ಕಡೆ ಬಾತ್ಮಿ ಎಂದೇ ಹೇಳುತ್ತಿದ್ದ ಕಾಲವದು. ಪಗಾರ ಅಂತ ಇರಲಿಲ್ಲ. ಹುಬ್ಬಳ್ಳಿಯ ಪತ್ರಿಕೆಯಿಂದ ತಿಂಗಳಿಗೊಮ್ಮೆ ಬರುವ ಮನಿಆರ್ಡರು ಚಹಾದಂಗಡಿಯ ಉದ್ರಿ ತೀರಿಸಲಿಕ್ಕೇ ಸರಿಹೋಗುತ್ತಿತ್ತು. ಹೊಟ್ಟೆಪಾಡಿಗೆ ಬೆಟಗೇರಿಯಲ್ಲಿ ನೋಟುಬುಕ್ಕು, ಪೆನ್ನು, ಮಸಿ ಮಾರುವ ಸಣ್ಣ ಅಂಗಡಿ. ಹನ್ನೊಂದು ಹೊಡೆಯಿತೆಂದರೆ ಅಂಗಡಿಯನ್ನು ಅವ್ವನ ಮೇಲೆ ಬಿಟ್ಟು, ಟೋಪಿ ಇಟ್ಟುಕೊಂಡು ಕೋರ್ಟಿಗೆ ಹೊರಡುವರು. ಸಂಜೆ ಬರೆದದ್ದನ್ನು ಲಕೋಟೆಯಲ್ಲಿ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು ಸುದ್ದಿ’ ಎಂದು ಬರೆದು ನನ್ನ ಕೈಗೆ ಕೊಡುವರು. ಹುಬ್ಬಳ್ಳಿ ಬಸ್ಸಿನ ಡ್ರೈವರನಿಗೆ ಅದನ್ನು ಮುಟ್ಟಿಸುವುದು ನನ್ನ ಕೆಲಸ. ಯಾರದೋ ಬಿಡುಗಡೆ, ಯಾರದೋ ಮೂರು ತಿಂಗಳ ಸಜೆ ನನ್ನ ಕೈಯಲ್ಲಿದೆ ಎಂಬ ಅರಿವೇ ಇಲ್ಲದೆ ಎರಡು ಜಡೆ ಹಾರಿಸುತ್ತ ಓಡುತ್ತಿದ್ದೆ.

ಅಪ್ಪ ಬರೆದದ್ದನ್ನೆಲ್ಲ ಕತ್ತರಿಸಿ ಕಾಪಾಡಿದವಳು ಅವರ ತಂಗಿ, ನಮ್ಮ ಅತ್ತಿ. ಆಕೆಯನ್ನು ಶಿರಹಟ್ಟಿಗೆ ಕೊಟ್ಟಿದ್ದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳಾದರೂ ಅಕ್ಷರ ಕೂಡಿಸಿ ಕೂಡಿಸಿ ಪೇಪರು ಓದುವಳು. ಆಕೆಯ ತಗಡಿನ ಟ್ರಂಕಿನಲ್ಲಿ ಜರದ ಸೀರೆಯ ಕೆಳಗೆ ಆ ತುಣುಕುಗಳಿವೆ. ಅವನ್ನು ಇತ್ತೀಚೆಗೆ ಒಂದೊಂದಾಗಿ ತೆಗೆದು ನೋಡಿದಾಗ, ಕಾಯ್ದೆಯ ಸುದ್ದಿ ನಮ್ಮಂಥ ಹೆಣ್ಣುಮಕ್ಕಳಿಗೆ ಹೇಗೆ ಬರುತ್ತಿತ್ತು, ಈಗ ಹೇಗೆ ಬರುತ್ತದೆ ಎಂದು ಬರೆಯಬೇಕೆನಿಸಿತು. ಅದರಲ್ಲಿ ನಮ್ಮ ಮನೆಯ ಒಂದು ಮಾತೂ ಸೇರಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇವತ್ತು ಒಂದೇ ಜಿಲ್ಲೆ. ನಮ್ಮಜ್ಜನ ಕಾಲದಲ್ಲಿ ಹಾಗಿರಲಿಲ್ಲ. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಮುಂಡರಗಿ ದಾಟಿ ಕೊಪ್ಪಳದ ಕಡೆ ಹೋದರೆ ನಿಜಾಮನ ರಾಜ್ಯ. ಬಸ್ಸಿನಲ್ಲಿ ಒಂದು ಬೆಳಗಿನಲ್ಲಿ ಸುತ್ತಿ ಬರಬಹುದಾದ ಸೀಮೆಯಲ್ಲಿ ನಾಲ್ಕು ಸರಕಾರಗಳು, ನಾಲ್ಕು ಬಗೆಯ ಕಚೇರಿಗಳು. ಲಕ್ಷ್ಮೇಶ್ವರದ ನಮ್ಮ ಮನೆಯ ಹಳೆಯ ಕಾಗದಗಳು ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿವೆ. ಕನ್ನಡ ಮಾತಾಡುವ ಮನೆಯ ಹೊಲದ ಪತ್ರವನ್ನು ಮನೆಯವರೇ ಓದಲಾರರು! ಓದಿ ಹೇಳುವವನು ಏನು ಹೇಳಿದರೆ ಅದೇ ಕಾಯ್ದೆ. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ 1ರಂದು ನಾವು ಮೈಸೂರು ರಾಜ್ಯದವರಾದೆವು, ಮುಂಬಯಿಯ ಹೈಕೋರ್ಟು ಬಿಟ್ಟು ಬೆಂಗಳೂರಿನ ಹೈಕೋರ್ಟಿಗೆ ಸೇರಿದೆವು.

ಇನ್ನೂ ಹಿಂದೆ ಹೋದರೆ ಪೇಪರೂ ಇರಲಿಲ್ಲ. 1857ರಲ್ಲಿ ಕಂಪನಿ ಸರಕಾರ ಹತಾರ ಕಸಿದುಕೊಳ್ಳುವ ಕಾಯ್ದೆ ತಂದಿತು. ಹಲಗಲಿಯ ಬೇಡರು ಅದರ ವಿರುದ್ಧ ಎದ್ದರು. ಮರುವರ್ಷ ನಮ್ಮ ಮುಂಡರಗಿಯ ಭೀಮರಾಯರೂ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಪ್ರಾಣ ಬಿಟ್ಟರು. ಹಲಗಲಿಯ ಬಂಡಾಯವನ್ನು ಊರೂರಿಗೆ ಮುಟ್ಟಿಸಿದವರು ಲಾವಣಿಕಾರರು. ಆ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಬರೆಸಿಕೊಂಡು ಅಚ್ಚು ಹಾಕಿಸಿದ್ದರಿಂದ ಅದು ಇವತ್ತಿಗೂ ಉಳಿದಿದೆ. ಕಾಯ್ದೆ ಏನು, ಯಾರು ತಂದರು, ಯಾರ ಮನೆ ಸುಟ್ಟಿತು ಎಂಬುದನ್ನೆಲ್ಲ ಅದು ಹೇಳುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ಕಡೆಯ ಮೊದಲ ಕೋರ್ಟು ಬಾತ್ಮೀದಾರರೆಂದರೆ ಅವರೇ, ದಪ್ಪಿನವರು.

ಮುಂದೆ ಪತ್ರಿಕೆಗಳು ಬಂದಾಗ ಅವನ್ನು ನಡೆಸಿದವರಲ್ಲಿ ವಕೀಲಿ ಕಲಿತವರು ಬಹಳ. ಆಲೂರು ವೆಂಕಟರಾಯರು ವಕೀಲಿ ಬಿಟ್ಟು ಪತ್ರಿಕೆ ಹಿಡಿದವರು. ಪಾಟೀಲ ಪುಟ್ಟಪ್ಪನವರೂ ಕಾನೂನು ಓದಿ ‘ಪ್ರಪಂಚ’ ನಡೆಸಿದರು. ನಮ್ಮ ಗದಗಿನಲ್ಲಿ ಹುಯಿಲಗೋಳ ನಾರಾಯಣರಾಯರು ವಕೀಲರಾಗಿದ್ದುಕೊಂಡೇ ನಾಟಕ, ಪದ್ಯ ಬರೆದರು. ಹೀಗಾಗಿ ಉತ್ತರ ಕರ್ನಾಟಕದ ಪತ್ರಿಕೆಗಳ ಕನ್ನಡದಲ್ಲಿ ಕೋರ್ಟಿನ ವಾಸನೆ ಮೊದಲಿನಿಂದಲೂ ಇತ್ತು. ಫಿರ್ಯಾದಿ, ದಾವೆ, ವಾಟ್ನಿ, ಜಾಮೀನು, ತಾರೀಖು ಎಂಬ ಮಾತುಗಳನ್ನು ನಾವು ಶಾಲೆಯಲ್ಲಿ ಕಲಿಯಲಿಲ್ಲ, ಪೇಪರಿನಲ್ಲಿ ಕಲಿತೆವು.

ಅಪ್ಪನ ಬರವಣಿಗೆಗೆ ಒಂದು ಶಿಸ್ತಿತ್ತು. ಎರಡೂ ಕಡೆಯ ವಕೀಲರ ವಾದ ಬರೆಯದೆ ಬಾತ್ಮಿ ಕಳಿಸುತ್ತಿರಲಿಲ್ಲ. ಆರೋಪ ಬೇರೆ, ಅಪರಾಧ ಬೇರೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಟಿ.ವಿ.ಯಲ್ಲಿ ಪೊಲೀಸರು ಹಿಡಿದ ದಿನವೇ ಶಿಕ್ಷೆ ಕೊಡುವುದನ್ನು ನೋಡಿದಾಗಲೆಲ್ಲ ಆ ಮಾತು ನೆನಪಾಗುತ್ತದೆ. ಆದರೆ ಅಪ್ಪನನ್ನು ಹೊಗಳುತ್ತ ಹೋದರೆ ಸುಳ್ಳು ಬರೆದಂತಾದೀತು. ಅತ್ತಿಯ ಟ್ರಂಕಿನಲ್ಲಿ ಅವರು ಬರೆದ ಇನ್ನೊಂದು ಬಗೆಯ ಬಾತ್ಮಿಯೂ ಇದೆ. ‘ಶೀಲ ಶಂಕಿಸಿ ಪತ್ನಿಯ ಕೊಲೆ’. ನೀವೂ ಈ ತಲೆಬರಹವನ್ನು ನೂರು ಸಲ ಓದಿರುತ್ತೀರಿ. ಸತ್ತವಳು ಆಕೆ, ಕೊಂದವನು ಆತ, ಕೋರ್ಟಿನಲ್ಲಿ ನಿಂತವನೂ ಆತನೇ. ಆದರೆ ಮೊದಲ ಶಬ್ದದಲ್ಲೇ ವಿಚಾರಣೆ ನಡೆದುಬಿಡುವುದು ಆಕೆಯದು. ಮೈಮೇಲೆ ಬಿದ್ದವರ ವಿರುದ್ಧ ಫಿರ್ಯಾದಿ ಕೊಟ್ಟ ಹೆಣ್ಣಿನ ಹೆಸರು, ಊರು, ಗಂಡನ ಹೆಸರು ಎಲ್ಲವೂ ಅಚ್ಚಾಗುತ್ತಿದ್ದವು. ಅಂಥವಳ ಗುರುತು ಅಚ್ಚು ಹಾಕಿದರೆ ಎರಡು ವರ್ಷದವರೆಗೆ ಸಜೆ ಎಂದು ಕಾಯ್ದೆ ಬಂದದ್ದು 1983ರಲ್ಲಿ, ಮಥುರಾ ಎಂಬ ಹುಡುಗಿಯ ಪ್ರಕರಣದ ತೀರ್ಪಿಗೆ ದೇಶದ ಹೆಣ್ಣುಮಕ್ಕಳು ಬೀದಿಗಿಳಿದ ಮೇಲೆ. ಭಾರತೀಯ ದಂಡ ಸಂಹಿತೆಯ 228-ಎ ಕಲಮು ಅದು. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆಯಲ್ಲಿ 72ನೆಯದಾಗಿದೆ. ಅಪ್ಪ ಆ ದಿನದಿಂದ ಹೆಸರು ಬರೆಯುವುದನ್ನು ಬಿಟ್ಟರು. ‘ಶೀಲ ಶಂಕಿಸಿ’ ಎಂಬುದನ್ನು ಮಾತ್ರ ಬಿಡಲಿಲ್ಲ. ಅದಕ್ಕೆ ಯಾವ ಕಲಮೂ ಇಲ್ಲವಲ್ಲ!

ಇನ್ನು ನಮ್ಮ ಮನೆಯ ಮಾತು. ಲಕ್ಷ್ಮೇಶ್ವರದ ಹತ್ತಿರ ನಮಗೆ ಹದಿನೆಂಟು ಎಕರೆ ಎರಿ ಹೊಲ, ಪಿತ್ರಾರ್ಜಿತ. ಅಜ್ಜನಿಗೆ ಮೂವರು ಮಕ್ಕಳು: ಅಪ್ಪ, ಕಾಕಾ, ಅತ್ತಿ. ಅಜ್ಜಿ ಮೊದಲೇ ತೀರಿಕೊಂಡಿದ್ದಳು.

1994ರಲ್ಲಿ ಕರ್ನಾಟಕ ಸರಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂತು, ಹೆಣ್ಣುಮಕ್ಕಳಿಗೂ ಸಮಪಾಲು ಎಂದು. ಅತ್ತಿ ಮರುದಿನವೇ ಶಿರಹಟ್ಟಿ ಬಸ್ಸು ಹತ್ತಿ ಬಂದಳು. ಮಡಿಲಲ್ಲಿ ಆ ತುಣುಕು.

“ಅಣ್ಣಾ, ಇದು ಖರೇನ?”

“ಖರೇ ಐತಿ, ಆದರ ನಿನಗಲ್ಲವಾ. ಲಗ್ನ ಆಗದ ಹುಡುಗ್ಯಾರಿಗೆ ಅಷ್ಟ.”

ಅಪ್ಪ ಹೇಳಿದ್ದು ಸರಿ. 1994ರ ಜುಲೈ 30ಕ್ಕಿಂತ ಮೊದಲು ಮದುವೆಯಾದವರಿಗೆ ಆ ತಿದ್ದುಪಡಿ ಅನ್ವಯಿಸುತ್ತಿರಲಿಲ್ಲ. ಆದರೆ ಆ ಮಾತು ತಲೆಬರಹದಲ್ಲಿರಲಿಲ್ಲ, ಕೆಳಗಿನ ಆರನೆಯ ಪ್ಯಾರಾದಲ್ಲಿತ್ತು. ಅತ್ತಿ ಅಲ್ಲಿಯವರೆಗೆ ಓದಿರಲಿಲ್ಲ. ಆ ದಿನ ಮನೆಯಲ್ಲಿ ಎಲ್ಲರೂ ನಕ್ಕೆವು, ನಾನೂ ನಕ್ಕೆ.

ಅಜ್ಜ ತೀರಿಕೊಂಡದ್ದು 1999ರಲ್ಲಿ. 2005ರ ಸೆಪ್ಟೆಂಬರ 9ರಿಂದ ಇಡೀ ದೇಶಕ್ಕೆ ಹೊಸ ತಿದ್ದುಪಡಿ ಜಾರಿಗೆ ಬಂದು, ಲಗ್ನವಾದವಳಿಗೂ ಮಗನಷ್ಟೇ ಹಕ್ಕು ಎಂದಾಯಿತು. ತಂದೆ ಮೊದಲೇ ತೀರಿಹೋಗಿದ್ದರೆ? ಆ ಪ್ರಶ್ನೆ ಹತ್ತು ವರ್ಷ ಕೋರ್ಟುಗಳಲ್ಲಿ ತಿರುಗಿತು. ಅದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದದ್ದು ನಮ್ಮ ಬೆಳಗಾವಿಯಲ್ಲಿ 1992ರಲ್ಲಿ ಮಗಳೊಬ್ಬಳು ಹೂಡಿದ ದಾವೆ ಎಂಬುದು ನಮ್ಮ ಕಡೆ ಎಷ್ಟು ಜನರಿಗೆ ಗೊತ್ತಿದೆಯೋ. 2015ರ ಅಕ್ಟೋಬರ 16ರಂದು ‘ಪ್ರಕಾಶ್ ವಿರುದ್ಧ ಫೂಲವತಿ’ ಪ್ರಕರಣದಲ್ಲಿ ತೀರ್ಪು ಬಂತು: 2005ರ ಆ ದಿನ ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು. ಪೇಪರಿನಲ್ಲಿ ನಾಲ್ಕೇ ಸಾಲು. ತಂದೆ ತೀರಿದ್ದರೆ ಮಗಳಿಗೆ ಪಾಲಿಲ್ಲ.

ಆಗ ಅಪ್ಪನಿಗೆ ಎಂಬತ್ತರ ಹತ್ತಿರ. ಬಾತ್ಮಿ ಕಳಿಸುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಆ ನಾಲ್ಕು ಸಾಲನ್ನು ಅತ್ತಿಗೆ ಅವರೇ ಓದಿ ಹೇಳಿದರು. ಕಾಕಾ ಪಕ್ಕದಲ್ಲಿದ್ದ. 2016ರಲ್ಲಿ ಅತ್ತಿ ನೋಂದಣಿ ಕಚೇರಿಗೆ ಬಂದು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿದಳು. ಆಕೆಗೆ ಒಂದು ಇಳಕಲ್ ಸೀರೆ, ಐವತ್ತು ಸಾವಿರ ರೂಪಾಯಿ ಕೊಟ್ಟರು. ಅವತ್ತು ಊಟಕ್ಕೆ ಹೋಳಿಗೆ ಮಾಡಿದ್ದೆ.

2018ರ ಫೆಬ್ರುವರಿಯಲ್ಲಿ ಮತ್ತೊಂದು ತೀರ್ಪು. ಇದೂ ಕರ್ನಾಟಕದ ಹೆಣ್ಣುಮಕ್ಕಳದೇ, ‘ದಾನಮ್ಮ ವಿರುದ್ಧ ಅಮರ್’. ಆ ಮನೆಯ ತಂದೆ 2001ರಲ್ಲೇ ತೀರಿದ್ದರು, ಆದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಅಪ್ಪ ಪೇಪರು ಓದಿದರು, ಮಡಿಸಿ ದಿಂಬಿನ ಕೆಳಗಿಟ್ಟರು. ನನಗೆ ಏನೂ ಹೇಳಲಿಲ್ಲ. ಮರುವರ್ಷ ಹೋದರು.

2020ರ ಆಗಸ್ಟ್ 11ರಂದು, ಕೊರೋನಾದ ನಡುವೆ, ಮೂವರು ನ್ಯಾಯಮೂರ್ತಿಗಳ ಪೀಠ ‘ವಿನೀತಾ ಶರ್ಮಾ’ ಪ್ರಕರಣದಲ್ಲಿ ಈ ಜಗ್ಗಾಟವನ್ನು ಮುಗಿಸಿತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ. ಈ ಸಲ ಸುದ್ದಿ ಪೇಪರಿನಲ್ಲಿ ಬರುವ ಮೊದಲು, ಮಧ್ಯಾಹ್ನವೇ, ಮೊಮ್ಮಗನ ಮೊಬೈಲಿನಲ್ಲಿ ಅತ್ತಿಗೆ ಮುಟ್ಟಿತು. ಸಂಜೆಯೊಳಗೆ ಮೂರು ಬಗೆಯಲ್ಲಿ ಮುಟ್ಟಿತ್ತು, ಅದರಲ್ಲಿ ಎರಡು ತಪ್ಪು.

ನಾನು ಪರಿಚಯದ ವಕೀಲೆಯೊಬ್ಬರನ್ನು ಕೇಳಿದೆ. ಹೊಸ ತೀರ್ಪಿನ ಪ್ರಕಾರ ಅತ್ತಿಯ ಪಾಲು ಆರು ಎಕರೆ ಆಗುತ್ತಿತ್ತು. ಆದರೆ ಸಹಿ ಹಾಕಿ ಆಗಿದೆ. ಅದನ್ನು ಮುರಿಯಬೇಕಾದರೆ ಮೋಸವಾಯಿತೆಂದು ದಾವೆ ಹೂಡಿ ರುಜುವಾತು ಮಾಡಬೇಕು. ಯಾರ ಮೇಲೆ? ತೀರಿಹೋದ ಅಣ್ಣನ ಮೇಲೆ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಅದು ನನ್ನ ನಿದ್ದೆ ಕೆಡಿಸಿತು. 2015ರ ತೀರ್ಪನ್ನೇ ಹಿಡಿದರೂ ಅತ್ತಿಗೆ ಏನೂ ಇಲ್ಲ ಎಂದಾಗುತ್ತಿರಲಿಲ್ಲ. 1956ರ ಹಳೆಯ ಕಾಯ್ದೆಯಲ್ಲೇ, ಅಜ್ಜನ ಸ್ವಂತ ಪಾಲಾದ ಮೂರನೆಯ ಒಂದು ಭಾಗದಲ್ಲಿ ಮೂವರು ಮಕ್ಕಳಿಗೂ ಸಮಪಾಲು ಇತ್ತು. ಆರು ಎಕರೆಯಲ್ಲಿ ಮೂರನೆಯ ಒಂದು ಭಾಗವೆಂದರೆ ಎರಡು ಎಕರೆ. ಪೇಪರಿನ ನಾಲ್ಕು ಸಾಲಿನಲ್ಲಿ ಅದಿರಲಿಲ್ಲ. ಮೂವತ್ತು ವರ್ಷ ಕೋರ್ಟಿನಲ್ಲಿ ಕೂತು ವಾಟ್ನಿ ದಾವೆಗಳನ್ನು ಕೇಳಿದ ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಿರಲಿಲ್ಲ. ಅಪ್ಪನ ಪಾಲಿನ ಒಂಬತ್ತು ಎಕರೆಯ ಉತಾರದಲ್ಲಿ ಈಗ ನನ್ನ ಮತ್ತು ನನ್ನ ತಮ್ಮನ ಹೆಸರಿದೆ.

ಈಗ ಕೋರ್ಟಿನ ಸುದ್ದಿಗೆ ಬಾತ್ಮೀದಾರನ ಹಂಗಿಲ್ಲ. 1997ರಲ್ಲಿ ಗದಗ ಜಿಲ್ಲೆಯಾಯಿತು. 1999ರಲ್ಲಿ ನಮ್ಮೂರಿನ ಮುದ್ರಣದ ಮನೆತನದ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ ಆರಂಭಿಸಿ ಕಡಿಮೆ ಬೆಲೆಗೆ ಊರೂರಿನ ಸುದ್ದಿ ಕೊಟ್ಟರು. ವಕೀಲರ ದೀರ್ಘ ಹೋರಾಟದ ಮೇಲೆ 2008ರ ಜುಲೈಯಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. 2019ರಿಂದ ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಕನ್ನಡದಲ್ಲೂ ಸಿಗುತ್ತವೆ. 2021ರಿಂದ ಕರ್ನಾಟಕ ಹೈಕೋರ್ಟಿನ ಕಲಾಪವನ್ನು ಮನೆಯಲ್ಲೇ ಕೂತು ನೋಡಬಹುದು. 2022ರಲ್ಲಿ ಹಿಜಾಬ್ ಪ್ರಕರಣ ನಡೆದಾಗ ನಮ್ಮ ಓಣಿಯ ಹೆಂಗಸರು ಮಧ್ಯಾಹ್ನದ ಧಾರಾವಾಹಿ ಬಿಟ್ಟು ವಾದ ಕೇಳಿದ್ದನ್ನು ನಾನು ಕಂಡಿದ್ದೇನೆ.

2024ರ ಸೆಪ್ಟೆಂಬರಿನಲ್ಲಿ ಅದೇ ಹೈಕೋರ್ಟಿನ ಕಲಾಪದ ಒಂದು ತುಣುಕು ಎಲ್ಲರ ಮೊಬೈಲಿನಲ್ಲಿ ಹರಿದಾಡಿತು. ನ್ಯಾಯಮೂರ್ತಿಯೊಬ್ಬರು ವಕೀಲೆಯೊಬ್ಬರಿಗೆ ಆಡಬಾರದ ಮಾತು ಆಡಿದ್ದರು. ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ನ್ಯಾಯಮೂರ್ತಿಗಳು ವಿಷಾದ ಹೇಳಿದರು, ವಿಷಯ ಮುಗಿಯಿತು. ಇಂಥ ತುಣುಕುಗಳನ್ನು ಹಾಕಬಾರದೆಂದು ಹೈಕೋರ್ಟು ತಡೆ ಹೇಳಿದರೆ, ಬೆಳಕಿಗೆ ಅಂಜಿ ಬಾಗಿಲು ಮುಚ್ಚುವುದು ಬೇಡವೆಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟು ಹೇಳಿತು. ನಾನು ಎರಡೂ ಕಡೆ ಯೋಚಿಸಿದೆ. ಅರೆಗಳಿಗೆಯ ತುಣುಕಿನಿಂದ ದಾವೆ ತಿಳಿಯುವುದಿಲ್ಲ, ನಿಜ. ಆದರೆ ಅಪ್ಪನಂಥ ಬಾತ್ಮೀದಾರರು ಆ ದಿನ ಅಲ್ಲಿ ಕೂತಿದ್ದರೆ ಆ ಮಾತನ್ನು ಬರೆಯುತ್ತಿದ್ದರೆ? ಬರೆಯುತ್ತಿರಲಿಲ್ಲ. ಸಾಹೇಬರು ತಮಾಷೆಗೆ ಅಂದದ್ದು ಎಂದು ಪೆನ್ನು ಎತ್ತಿಬಿಡುತ್ತಿದ್ದರು. ಹಾಗೆ ಪೆನ್ನು ಎತ್ತಿದ ಸಲಗಳು ಎಷ್ಟಿದ್ದವೋ, ಅವು ಯಾವ ಟ್ರಂಕಿನಲ್ಲೂ ಇಲ್ಲ.

ಹೋದ ದೀಪಾವಳಿಗೆ ಅತ್ತಿ ಬಂದಿದ್ದಳು. ರಾತ್ರಿ ಊಟವಾದ ಮೇಲೆ, ತಮ್ಮ ಇಲ್ಲದ ಹೊತ್ತು ನೋಡಿ, ಎರಡು ಎಕರೆಯ ಮಾತು ಹೇಳಿಬಿಟ್ಟೆ. 1956ರಿಂದ ಶುರುಮಾಡಿ ಒಂದೊಂದೇ ಬಿಡಿಸಿ ಹೇಳಿದೆ. ಆರನೆಯ ಪ್ಯಾರಾ ಬಿಡಲಿಲ್ಲ. ಅತ್ತಿ ಅಡಿಕೆ ಕತ್ತರಿಸುತ್ತ ಕೇಳಿದಳು. ಅಳಲಿಲ್ಲ, ಅಪ್ಪನ ಹೆಸರು ಎತ್ತಲಿಲ್ಲ. ಅಡಕೊತ್ತು ಕೆಳಗಿಟ್ಟು ಕೇಳಿದಳು:

“ಎರಡ ಎಕರೆ ಅಂದ್ರ ಯಾವ ಕಡೀದವಾ, ಹಳ್ಳದ ಕಡೀದೋ, ಬೇವಿನ ಗಿಡದ ಕಡೀದೋ?”