ಮರದ ಮಂದಿರಗಳಿಗೆ ಎತ್ತರದ ನೀರು

1949ರ ಜನವರಿ 26ರ ಮುಂಜಾನೆ ಜಪಾನಿನ ನಾರಾ ಪ್ರಾಂತದಲ್ಲಿರುವ ಹೋರ್ಯೂಜಿ ಬೌದ್ಧ ದೇವಾಲಯದ ಮುಖ್ಯ ಮಂದಿರಕ್ಕೆ ಬೆಂಕಿ ಬಿತ್ತು. ಏಳನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ ಈ ಮಂದಿರ ಪ್ರಪಂಚದಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಮರದ ಕಟ್ಟಡಗಳಲ್ಲೊಂದು. ಅದರ ಒಳಗೋಡೆಗಳ ಮೇಲೆ ಹನ್ನೆರಡು ದೊಡ್ಡ ವರ್ಣಚಿತ್ರಗಳಿದ್ದವು. ಕಲೆಯ ಇತಿಹಾಸಕಾರರು ಇವನ್ನು ನಮ್ಮ ಅಜಂತದ ಚಿತ್ರಗಳೊಡನೆ ಹೋಲಿಸುವುದುಂಟು. ಬೆಂಕಿ ಆರಿಸಿದಾಗ ಗೋಡೆಗಳು ನಿಂತಿದ್ದವು, ಆದರೆ ಬಣ್ಣಗಳು ಹಾರಿಹೋಗಿ ಬಹುಮಟ್ಟಿಗೆ ರೇಖೆಗಳಷ್ಟೇ ಉಳಿದಿದ್ದವು.

ಆ ವೇಳೆಗೆ ಮಂದಿರದ ದುರಸ್ತಿ ನಡೆದಿತ್ತು. ಮೇಲಂತಸ್ತನ್ನು ಬಿಚ್ಚಿ ಬೇರೆಡೆ ಇರಿಸಿದ್ದರಿಂದ ಅದು ಬದುಕಿಕೊಂಡಿತು. ಕೆಳಗೆ ಚಿತ್ರಕಾರರು ಭಿತ್ತಿಚಿತ್ರಗಳ ಪ್ರತಿ ತೆಗೆಯುತ್ತಿದ್ದರು. ಚಳಿಗಾಲದ ಕೆಲಸವಾದ್ದರಿಂದ ಅವರು ಬಳಸುತ್ತಿದ್ದ, ವಿದ್ಯುತ್ತಿನಿಂದ ಬಿಸಿಯಾಗುವ ದಿಂಬಿನ ಮೇಲೆ ಮುಖ್ಯವಾಗಿ ಅನುಮಾನ ಬಿದ್ದಿತು. ಕಾರಣ ಮಾತ್ರ ಖಚಿತವಾಗಿ ಸಾಬೀತಾಗಲಿಲ್ಲ. ಇದೇ ಕೆಲಸಕ್ಕಾಗಿ 1940ರಲ್ಲಿ ಇಲ್ಲಿ ಪ್ರತಿದೀಪ್ತಿ ದೀಪಗಳನ್ನು, ಅಂದರೆ ನಾವು ಟ್ಯೂಬ್‌ಲೈಟ್ ಎನ್ನುವುದನ್ನು, ಅಳವಡಿಸಿದ್ದರು. ಜಪಾನಿನಲ್ಲಿ ಅವುಗಳ ಮೊದಲ ಬಳಕೆಗಳಲ್ಲಿ ಅದೂ ಒಂದು. ಬಲ್ಬಿನ ಶಾಖ ಚಿತ್ರಗಳಿಗೆ ತಾಗಬಾರದೆಂಬುದು ಉದ್ದೇಶ! ದೀಪದ ಶಾಖವನ್ನು ಅಷ್ಟು ಎಚ್ಚರದಿಂದ ಲೆಕ್ಕಹಾಕಿದ ಜಾಗಕ್ಕೆ ಕೂರುವವರ ಚಳಿ ಬಿಡಿಸುವ ಸಾಧನ ಲೆಕ್ಕವಿಲ್ಲದೆ ಒಳಗೆ ಬಂದಿತ್ತು. ಹಳೆಯ ಕಟ್ಟಡಗಳಿಗೆ ದುರಸ್ತಿಯ ಕಾಲವೇ ಅಪಾಯದ ಕಾಲವೆಂದು ನನಗನ್ನಿಸುವುದು ಇಂಥ ಪ್ರಸಂಗಗಳಿಂದ.

ಮರುವರ್ಷ, 1950ರಲ್ಲಿ, ಜಪಾನ್ ಸಾಂಸ್ಕೃತಿಕ ಆಸ್ತಿಗಳ ರಕ್ಷಣೆಯ ಕಾಯ್ದೆಯನ್ನು ತಂದಿತು. ಅದೇ ವರ್ಷ ಜುಲೈ 2ರಂದು ಕ್ಯೋಟೊದ ಸುವರ್ಣ ಮಂಟಪ ಕಿಂಕಾಕುಜಿಗೆ ಅಲ್ಲಿನ ಕಿರಿಯ ಭಿಕ್ಷುವೊಬ್ಬನೇ ಬೆಂಕಿಯಿಟ್ಟ. 1955ರಿಂದ ಜನವರಿ 26 ಅಲ್ಲಿ ಸಾಂಸ್ಕೃತಿಕ ಆಸ್ತಿಗಳ ಅಗ್ನಿರಕ್ಷಣಾ ದಿನ. ನಾವು ಗಣರಾಜ್ಯೋತ್ಸವ ಆಚರಿಸುವ ದಿನವೇ ಅಲ್ಲಿನ ದೇವಾಲಯಗಳಲ್ಲಿ ಬೆಂಕಿ ನಂದಿಸುವ ಅಭ್ಯಾಸ ನಡೆಯುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮರದ ಕಟ್ಟಡದಲ್ಲಿ ಮೊದಲು ಕಾಯಬೇಕಾದದ್ದು ಯಾವ ಭಾಗವನ್ನು? ಕಂಬಗಳನ್ನಲ್ಲ. ಮರ ಉರಿಯುವಾಗ ಅದರ ಮೇಲ್ಮೈ ಇದ್ದಿಲಾಗುತ್ತದೆ. ಇದ್ದಿಲಿನ ಉಷ್ಣವಾಹಕತೆ ಕಡಿಮೆಯಾದ್ದರಿಂದ ಒಳಗಿನ ಮರಕ್ಕೆ ಅದೇ ಕವಚ. ದಪ್ಪ ಮರ ನಿಮಿಷಕ್ಕೆ ಸುಮಾರು 0.7 ಮಿ.ಮೀ.ನಂತೆ ಇದ್ದಿಲಾಗುತ್ತ ಹೋಗುತ್ತದೆ. ಈ ಲೆಕ್ಕದಲ್ಲಿ ಅರ್ಧ ಮೀಟರ್ ದಪ್ಪದ ಕಂಬ ಒಂದು ಗಂಟೆ ಉರಿದರೂ ಸುತ್ತಲೂ ಕಳೆದುಕೊಳ್ಳುವುದು ನಾಲ್ಕು ಸೆಂ.ಮೀ.ನಷ್ಟು. ಹೋರ್ಯೂಜಿಯ ಕಂಬಗಳು ಕರಿಕಾಗಿಯೂ ನಿಂತೇ ಇದ್ದುದು ಇದರಿಂದ. ಮಾಡಿನ ಕಥೆ ಬೇರೆ. ತೆಳು ಹಲಗೆ, ರೀಪು, ಕೆಲವು ದೇವಾಲಯಗಳಲ್ಲಿ ಹೊದಿಸಿದ ಮರದ ತೊಗಟೆ, ಇವೆಲ್ಲಕ್ಕೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಬಹಳ. ದೂರದಿಂದ ಹಾರಿ ಬಂದ ಒಂದು ಕಿಡಿಯೂ ಸಾಕು. ಆದ್ದರಿಂದ ನೀರು ಮಾಡಿನ ತುದಿಯವರೆಗೆ ಏರಬೇಕು. ಅದೂ ಕೂಡಲೇ.

ಈ ಸಮಸ್ಯೆಗೆ ನನಗೆ ಬಹಳ ಮೆಚ್ಚಿಗೆಯಾದ ಉತ್ತರ ಕಾಯ್ದೆಗಿಂತ ಅರ್ಧ ಶತಮಾನ ಹಳೆಯದು. ಕ್ಯೋಟೊದ ಹಿಗಾಶಿ ಹೊಂಗಾನ್‌ಜಿ ದೇವಾಲಯ 1788, 1823, 1858 ಮತ್ತು 1864ರಲ್ಲಿ, ಹೀಗೆ ನಾಲ್ಕು ಬಾರಿ ಸುಟ್ಟಿತ್ತು. 1880ರಲ್ಲಿ ಆರಂಭವಾದ ಪುನರ್ನಿರ್ಮಾಣ 1895ರಲ್ಲಿ ಮುಗಿಯಿತು. ಭಾರಿ ತೊಲೆಗಳನ್ನು ಎಳೆಯುವಾಗ ಹಗ್ಗಗಳು ತುಂಡಾಗುತ್ತಿದ್ದುದರಿಂದ ಭಕ್ತ ಮಹಿಳೆಯರು ತಮ್ಮ ಕೂದಲನ್ನೇ ಕೊಟ್ಟು ಹಗ್ಗ ಹೊಸೆಸಿದರು. ಅಷ್ಟು ಕಷ್ಟದಿಂದ ಎದ್ದ, 38 ಮೀಟರ್ ಎತ್ತರದ ಮಂದಿರ ಐದನೆಯ ಬಾರಿ ಸುಡದಂತೆ ನೋಡಿಕೊಳ್ಳಬೇಕಲ್ಲ?

ನೆರವಿಗೆ ಬಂದವನು ಎಂಜಿನಿಯರ್ ತಾನಾಬೆ ಸಾಕುರೊ. ಬೀವಾ ಸರೋವರದ ನೀರನ್ನು ಬೆಟ್ಟ ಕೊರೆದು ಕ್ಯೋಟೊಗೆ ತಂದ ಕಾಲುವೆ (1890) ಅವನದೇ ಕೆಲಸ. ಆ ಕಾಲುವೆ ನಗರದ ಪೂರ್ವದಂಚಿನ ಎತ್ತರದಲ್ಲಿ ಹರಿಯುತ್ತದೆ. ದೇವಾಲಯ ಅದಕ್ಕಿಂತ ಸುಮಾರು 48 ಮೀಟರ್ ತಗ್ಗಿನಲ್ಲಿದೆ. ಎರಡರ ನಡುವೆ ಸುಮಾರು 4.5 ಕಿ.ಮೀ. ಉದ್ದಕ್ಕೆ, 30 ಸೆಂ.ಮೀ. ವ್ಯಾಸದ ಕಬ್ಬಿಣದ ಕೊಳವೆಯನ್ನು ನೆಲದಡಿ ಹೂಳಲಾಯಿತು. 1897ರಲ್ಲಿ ಅದು ಪೂರ್ಣವಾಯಿತು.

ಇದರ ಭೌತಶಾಸ್ತ್ರ ಸರಳ. 48 ಮೀಟರ್ ಎತ್ತರದ ನೀರಿನ ಕಂಬ ಸುಮಾರು 4.7 ವಾಯುಮಂಡಲದಷ್ಟು ಒತ್ತಡ ಕೊಡುತ್ತದೆ. ಘರ್ಷಣೆಯೇ ಇಲ್ಲವೆಂದುಕೊಂಡರೆ ಮೂತಿಯಿಂದ ಹೊರಡುವ ನೀರಿನ ವೇಗ ಸೆಕೆಂಡಿಗೆ ಸುಮಾರು 31 ಮೀಟರ್, ಅದು ಮತ್ತೆ 48 ಮೀಟರ್ ಏರಬಲ್ಲದು. ಘರ್ಷಣೆ ಇದ್ದೇ ಇದೆ. ಅದಕ್ಕಾಗಿಯೇ ಕೊಳವೆ ಅಷ್ಟು ದಪ್ಪ. ಹರಿಯುವ ನೀರಿನ ಪ್ರಮಾಣ ಅಷ್ಟೇ ಇದ್ದು ವ್ಯಾಸವನ್ನು ಅರ್ಧಕ್ಕಿಳಿಸಿದರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟಾಗುತ್ತದೆ. ಸಣ್ಣ ಕೊಳವೆ ಹಾಕಿ ಹಣ ಉಳಿಸಿದ್ದರೆ ನೀರು ಸೂರಿನ ಮಟ್ಟಕ್ಕೂ ಏರುತ್ತಿರಲಿಲ್ಲವೇನೋ. ಇಲ್ಲಿ ಪಂಪೂ ಇಲ್ಲ, ಅದನ್ನು ನಡೆಸುವವನೂ ಇಲ್ಲ. ಗುರುತ್ವವೇ ಹಗಲಿರುಳೂ ಸಿದ್ಧವಾಗಿ ನಿಂತಿರುವ ಯಂತ್ರ.

ನೂರು ವರ್ಷಕ್ಕೂ ಹೆಚ್ಚು ಕಾಲ ದುಡಿದ ಆ ಕೊಳವೆ ಹಳತಾಗಿ ಈಗ ಬಳಕೆಯಲ್ಲಿಲ್ಲ. ಆದರೆ ಪಂಪು ಮತ್ತು ನಗರದ ನಲ್ಲಿಗಳನ್ನು ಎಷ್ಟು ನೆಚ್ಚಬಹುದೆಂಬುದು 1995ರ ಜನವರಿ 17ರಂದು ಸಮೀಪದ ಕೋಬೆ ನಗರದಲ್ಲಿ ಗೊತ್ತಾಯಿತು. ಭೂಕಂಪದಿಂದ ನೆಲದಡಿಯ ಕೊಳವೆಗಳು ಒಡೆದವು, ಬೆಂಕಿ ಹತ್ತಿದ ಬೀದಿಗಳಲ್ಲಿ ನೀರಿರಲಿಲ್ಲ. ಇದನ್ನು ಕಂಡ ಕ್ಯೋಟೊ ನಗರ, ಕಿಯೋಮಿಜು ದೇವಾಲಯದ ಸುತ್ತಲಿನ ಬೆಟ್ಟದ ತಪ್ಪಲಿಗೆ ಬೇರೆಯದೇ ವ್ಯವಸ್ಥೆ ರೂಪಿಸಿತು. ತಲಾ 1,500 ಘನ ಮೀಟರ್ ನೀರು ಹಿಡಿಯುವ ಎರಡು ನೆಲದಡಿಯ ತೊಟ್ಟಿಗಳು, ನೆಲ ಅಲುಗಿದಾಗ ಮುರಿಯದೆ ಬಾಗುವ ಪಾಲಿಎಥಿಲೀನ್ ಕೊಳವೆಗಳು, ಮತ್ತೆ ಅದೇ ಇಳಿಜಾರು. ಕೆಲಸ 2011ರಲ್ಲಿ ಮುಗಿಯಿತು. ಬೀದಿಗಳಲ್ಲಿಟ್ಟ ನೀರಿನ ಮೂತಿಗಳಲ್ಲಿ ಕೆಲವನ್ನು ಅಗ್ನಿಶಾಮಕ ದಳ ಬರುವ ಮೊದಲೇ ಅಕ್ಕಪಕ್ಕದ ಮನೆಯವರು ತೆರೆದು ಬಳಸುವಂತೆ ಮಾಡಿದ್ದಾರೆ.