ಜೇಬಿನ ಜಾಗ, ಕಿವಿಯ ಪಾಲು

2003ರ ಸುಮಾರಿಗೆ ಮನೆಯಲ್ಲಿದ್ದ ತಾಳಮದ್ದಲೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆ. ಎಲ್ಲವೂ ಒಂದೇ ಸಿ.ಡಿ.ಯಲ್ಲಿ ಹಿಡಿಯಲಿ ಎಂಬ ಆಸೆಯಿಂದ 64 ಕಿಲೋಬಿಟ್‌ನ ಎಂಪಿ3 ಮಾಡಿಟ್ಟು, ಕ್ಯಾಸೆಟ್ಟುಗಳನ್ನು ಎಸೆದುಬಿಟ್ಟೆ. ಇವತ್ತು ಆ ಫೈಲುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಭಾಗವತರ ದನಿ ಸುಮಾರಾಗಿ ಸಿಗುತ್ತದೆ. ಆದರೆ ಚೆಂಡೆಯ ಪೆಟ್ಟು ಒದ್ದೆ ಬಟ್ಟೆಗೆ ಬಡಿದಂತೆ, ತಾಳ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಆ ಪೆಟ್ಟು ಎಲ್ಲಿ ಹೋಯಿತೆಂದು ಹುಡುಕುತ್ತ ಹೋದಾಗ ತಿಳಿದದ್ದು ಇಷ್ಟು: ಈ ನಲವತ್ತು ವರ್ಷಗಳಲ್ಲಿ ಸಂಗೀತಕ್ಕೆ ಎಷ್ಟು ಬಿಟ್ ಎಂಬುದನ್ನು ಬಹಳ ಸಲ ತೀರ್ಮಾನಿಸಿದ್ದು ಕೈಯಲ್ಲಿದ್ದ ಜಾಗ. ಕಿವಿಯ ಸರದಿ ಆಮೇಲೆ ಬಂತು.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆಯುತ್ತದೆ. ಎಡ, ಬಲ ಎರಡೂ ಸೇರಿದರೆ ಸೆಕೆಂಡಿಗೆ 1,411 ಕಿಲೋಬಿಟ್. ನಿಮಿಷಕ್ಕೆ 10 ಎಂಬಿಗೂ ಮೇಲೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಆಗ ಕೆಲವರಿಗೆ ಸಂಗೀತವನ್ನು ಡಿಜಿಟಲ್ ಟೆಲಿಫೋನ್ ತಂತಿಯಲ್ಲಿ ಕಳಿಸುವ ಹಂಬಲ. ಐಎಸ್‌ಡಿಎನ್ ತಂತಿಯಲ್ಲಿ 64 ಕಿಲೋಬಿಟ್‌ನ ಎರಡು ದಾರಿಗಳಿದ್ದವು, ಕೂಡಿದರೆ 128. ಅಂದರೆ ಸಿ.ಡಿ.ಯ ಹನ್ನೊಂದರಲ್ಲಿ ಒಂದು ಪಾಲು. ಮುಂದೆ ಜಗತ್ತಿನ ತುಂಬ ರೂಢಿಯಾದದ್ದು ಈ ಅಂಕಿಯೇ.

ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಮತ್ತು ಫ್ರೌನ್‌ಹೋಫರ್ ಸಂಸ್ಥೆಯವರು ಹಿಡಿದ ದಾರಿ ಕಿವಿಯ ಸ್ವಭಾವವನ್ನೇ ನಂಬಿತ್ತು. ದೊಡ್ಡ ದನಿಯ ಪಕ್ಕದ ಸಣ್ಣ ದನಿ ನಮಗೆ ಕೇಳಿಸುವುದಿಲ್ಲ. ಕೇಳಿಸದ್ದನ್ನು ಒರಟಾಗಿ ಬರೆದರೂ ನಡೆಯುತ್ತದೆ. ಸುಝಾನ್ ವೇಗಾ ಅವರು ವಾದ್ಯಗಳಿಲ್ಲದೆ ಹಾಡಿದ ‘ಟಾಮ್ಸ್ ಡೈನರ್’ ಬ್ರಾಂಡೆನ್‌ಬುರ್ಗ್‌ಗೆ ಕಠಿಣ ಪರೀಕ್ಷೆಯಾಯಿತು. ಬೇರೆ ಹಾಡುಗಳಲ್ಲಿ ಮುಚ್ಚಿಹೋಗುತ್ತಿದ್ದ ತಪ್ಪುಗಳು ಆ ಒಂಟಿ ದನಿಯಲ್ಲಿ ಎದ್ದು ಕಂಡವು. ಈ ವಿಧಾನದ ಮಾನದಂಡ 1993ರಲ್ಲಿ ಪ್ರಕಟವಾಯಿತು. ಫೈಲಿಗೆ ಎಂಪಿ3 ಎಂಬ ಬಾಲ ಅಂಟಿದ್ದು 1995ರ ಜುಲೈಯಲ್ಲಿ.

ನನ್ನ ಚೆಂಡೆ ಕಳೆದುಹೋದದ್ದು ಇಲ್ಲಿಯೇ. ಎಂಪಿ3 ದನಿಯನ್ನು ಸುಮಾರು 26 ಮಿಲಿಸೆಕೆಂಡಿನ ಚೌಕಟ್ಟುಗಳಾಗಿ ಕಟ್ಟುತ್ತದೆ. ಒರಟಾಗಿ ಬರೆದದ್ದರಿಂದ ಹುಟ್ಟುವ ಗೊರಗೊರ ಒಂದು ತುಣುಕಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಮೌನದ ನಡುವೆ ಫಟ್ಟೆಂದು ಪೆಟ್ಟು ಬಿದ್ದರೆ, ಪೆಟ್ಟಿಗಿಂತ ಮೊದಲೇ ಅದರ ನೆರಳಿನಂಥ ಸದ್ದು ಕೇಳಿ ಅಂಚು ಮೊಂಡಾಗುತ್ತದೆ. ಇಂಥ ಕಡೆ ತುಣುಕನ್ನು ಚಿಕ್ಕದು ಮಾಡಿಕೊಳ್ಳುವ ಜಾಣ್ಮೆ ಎಂಪಿ3ಗೆ ಇದೆ, ಆದರೆ ಅದಕ್ಕೆ ಬಿಟ್‌ಗಳು ಬೇಕು. 64ರಲ್ಲಿ ಅವೆಲ್ಲಿಂದ ಬರಬೇಕು? ಐರೋಪ್ಯ ಪರೀಕ್ಷಕರು ಇದನ್ನು ಪತ್ತೆ ಮಾಡಲು ಕ್ಯಾಸ್ಟನೆಟ್ ಎಂಬ ಕೈಚಿಟಿಕೆ ವಾದ್ಯದ ಮುದ್ರಣ ಬಳಸುತ್ತಿದ್ದರು. ನಮ್ಮಲ್ಲಿ ಚೆಂಡೆ, ಖಂಜಿರ, ಘಟ ಇದ್ದಲ್ಲೆಲ್ಲ ಕಿವಿಗೊಟ್ಟರೆ ಸಾಕು. ಹಳೆಯ ಟೇಪಿನ ‘ಸ್ಸ್’ ಎಂಬ ಸದ್ದೂ ಬಿಟ್‌ಗಳನ್ನು ನುಂಗುತ್ತದೆ. ಆ ಸದ್ದಿಗೆ ಕ್ರಮವಿಲ್ಲ, ಕ್ರಮವಿಲ್ಲದ್ದನ್ನು ಚಿಕ್ಕದಾಗಿ ಬರೆಯುವುದು ಕಷ್ಟ. ಹಳೆಯ ರೆಕಾರ್ಡಿಂಗಿಗೆ ಕಡಿಮೆ ಬಿಟ್‌ರೇಟ್ ಸಾಕೆಂಬ ನಂಬಿಕೆ ತಪ್ಪಾಗುವುದು ಈ ಕಾರಣಕ್ಕೆ.

1998ರಲ್ಲಿ ಬಂದ ಎಂಪಿಮ್ಯಾನ್, ರಿಯೋ ಪಿಎಂಪಿ300 ಪ್ಲೇಯರುಗಳಲ್ಲಿದ್ದದ್ದು 32 ಎಂಬಿ. 128 ಕಿಲೋಬಿಟ್‌ನಲ್ಲಿ ಅರ್ಧ ಗಂಟೆಯ ಹಾಡು. 2001ರ ಐಪಾಡ್ 5 ಜಿಬಿಯಲ್ಲಿ ಸಾವಿರ ಹಾಡು ಎಂದಾಗ ಲೆಕ್ಕ ಹಿಡಿದದ್ದು ನಾಲ್ಕು ನಿಮಿಷದ ಹಾಡು ಮತ್ತು 160 ಕಿಲೋಬಿಟ್. ನಾಲ್ಕು ನಿಮಿಷದಲ್ಲಿ ಮುಗಿಯದ ಒಂದು ರಾಗಾಲಾಪನೆ ಆ ಲೆಕ್ಕದೊಳಗೆ ಕೂರುವುದಿಲ್ಲ. ನಮ್ಮೂರುಗಳಲ್ಲಿ ಐಪಾಡ್ ಕಂಡವರು ಕಡಿಮೆ. ನಮಗೆ ಸಿಕ್ಕಿದ್ದು ನೂರೈವತ್ತು ಚಿತ್ರಗೀತೆಗಳ ಎಂಪಿ3 ಸಿ.ಡಿ., ಆಮೇಲೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುವ ರೂಢಿ. ಆ ಫೈಲುಗಳಲ್ಲಿ ಎಷ್ಟೋ 128ರಿಂದ 320ಕ್ಕೆ ಮತ್ತೆ ಬರೆದವು. ಅಂಕಿ ಬೆಳೆಯಿತು, ಮೊದಲ ಸಲ ಕಳೆದದ್ದು ತಿರುಗಿ ಬರಲಿಲ್ಲ. ಎರಡನೆಯ ಬರವಣಿಗೆಯ ತಪ್ಪುಗಳು ಅದರ ಮೇಲೆ ಸೇರಿಕೊಂಡವು.

ಈ ನಡುವೆ ಒಳ್ಳೆಯ ಕೆಲಸವೂ ಆಯಿತು. 1998ರಲ್ಲಿ ಶುರುವಾದ ಲೇಮ್ ಎಂಬ ಮುಕ್ತ ತಂತ್ರಾಂಶ ಎಂಪಿ3ಯನ್ನೇ ಸುಧಾರಿಸಿತು. ಎಲ್ಲ ಕ್ಷಣಕ್ಕೂ ಒಂದೇ ಪಡಿತರ ಕೊಡದೆ, ತಂಬೂರಿ ಮಾತ್ರ ಮೀಟುವಾಗ ಕಡಿಮೆ, ತನಿ ಆವರ್ತನಕ್ಕೆ ಹೆಚ್ಚು ಎಂದು ಬಿಟ್‌ಗಳನ್ನು ಹಂಚುವ ವಿಧಾನ ಜನರಿಗೆ ದಕ್ಕಿತು. ಅದರ ವಿ2 ಮಟ್ಟ ಸರಾಸರಿ 190ರ ಆಸುಪಾಸು ನಿಲ್ಲುತ್ತದೆ, ಎಂಪಿ3ಯೇ ಬೇಕೆನ್ನುವವರಿಗೆ ಈಗಲೂ ನಾನು ಹೇಳುವುದು ಅದನ್ನೇ. 1997ರಲ್ಲಿ ಎಎಸಿ, 2002ರಲ್ಲಿ ಪೇಟೆಂಟಿನ ಹಂಗಿಲ್ಲದ ವೋರ್ಬಿಸ್, 2012ರಲ್ಲಿ ಓಪಸ್ ಎಂಬ ಹೊಸ ಬಗೆಗಳು ಬಂದವು. ನನ್ನ ಕಿವಿಗೆ ಓಪಸ್‌ನ 128ರಲ್ಲಿ ಹೆಚ್ಚಿನ ಸಂಗೀತ ಮೂಲದಂತೆಯೇ ಕೇಳುತ್ತದೆ. ಎಂಪಿ3ಯ 128ರ ಬಗ್ಗೆ ಆ ಮಾತು ಹೇಳಲಾರೆ. ಹಾಗಾಗಿ ಬರೀ ಅಂಕಿ ನೋಡಿ ಎರಡು ಬಗೆಯ ಫೈಲುಗಳನ್ನು ಹೋಲಿಸಬಾರದು.

2001ರಲ್ಲಿ ಬಂದ ಫ್ಲ್ಯಾಕ್ ಏನನ್ನೂ ಬಿಡದೆ ಫೈಲನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ಬೇಕಾದಾಗ ಮೂಲ ಬಿಟ್‌ಗಳೆಲ್ಲ ತಿರುಗಿ ಸಿಗುತ್ತವೆ. ಫೋನಿನಲ್ಲಿ 128 ಜಿಬಿ ಸಾಮಾನ್ಯವಾದ ಮೇಲೆ ಎಲ್ಲವನ್ನೂ ಫ್ಲ್ಯಾಕ್‌ನಲ್ಲೇ ಕೇಳುವ ಹುಮ್ಮಸ್ಸು ಹಲವರಿಗಿದೆ. ಆದರೆ ಬ್ಲೂಟೂತ್ ಇಯರ್‌ಫೋನಿಗೆ ಹೋಗುವಾಗ ಫೋನು ಹಾಡನ್ನು ಮತ್ತೆ ಕುಗ್ಗಿಸುತ್ತದೆ. ಎಲ್ಲ ಸಾಧನಗಳಿಗೂ ಕಡ್ಡಾಯವಾದ ಎಸ್‌ಬಿಸಿ ಎಂಬ ಕುಗ್ಗಿಸುವ ವಿಧಾನ ಸಾಮಾನ್ಯವಾಗಿ 328 ಕಿಲೋಬಿಟ್ ದಾಟುವುದಿಲ್ಲ. ಬಸ್ಸಿನ ಗದ್ದಲದಲ್ಲಿ ಹಾಗೆ ಕೇಳುವವರಿಗೆ ಫ್ಲ್ಯಾಕ್ ಬರೀ ಭಾರ. ಫ್ಲ್ಯಾಕ್‌ನ ಜಾಗ ಮನೆಯ ಹಾರ್ಡ್‌ಡಿಸ್ಕು. ಮುಂದೆ ಯಾವ ಹೊಸ ಬಗೆ ಬಂದರೂ ಅಲ್ಲಿಂದ ಹೊಸದಾಗಿ ಪ್ರತಿ ತೆಗೆಯಬಹುದು.

ನನ್ನ ಕ್ಯಾಸೆಟ್ಟುಗಳಲ್ಲಿ ಒಂದರ ಪ್ರತಿ ಕಳೆದ ವರ್ಷ ಸೋದರಮಾವನ ಮನೆಯ ಅಟ್ಟದಲ್ಲಿ ಸಿಕ್ಕಿತು. ಟೇಪ್ ಅಲ್ಲಲ್ಲಿ ಸುಕ್ಕಾಗಿತ್ತು. 90 ನಿಮಿಷದ ಅದನ್ನು ಫ್ಲ್ಯಾಕ್ ಮಾಡಿದಾಗ 500 ಎಂಬಿ ದಾಟಿತು, ಹಿಂದೆ ನಾನು ಅದಕ್ಕೆ ಕೊಟ್ಟಿದ್ದ ಜಾಗ 43 ಎಂಬಿ. ಎರಡು ಡಿಸ್ಕುಗಳಲ್ಲಿ ಅದನ್ನಿಟ್ಟು, ಮಾವನ ಫೋನಿಗೆ ಓಪಸ್ ಪ್ರತಿ ಹಾಕಿಕೊಟ್ಟೆ. ಪ್ರಸಂಗದ ನಡುವೆ ಚೆಂಡೆ ಏರುವಲ್ಲಿ ಅವರು ಮಾತು ನಿಲ್ಲಿಸಿ, ಬೆರಳಿನಲ್ಲಿ ಮಂಚದ ಅಂಚಿಗೆ ತಾಳ ಹಾಕತೊಡಗಿದರು.